ಎಷ್ಟು ತುಂಬಿಕೊಂಡರೆ ಸಾಕು?

ಕಳೆದ ವರ್ಷ ಮೊಮ್ಮಗನ ವಿದ್ಯುತ್ ಕಾರಿನಲ್ಲಿ ಕಾಸರಗೋಡಿನಿಂದ ಮೈಸೂರಿಗೆ ಹೊರಟೆವು. ಚೆರ್ಕಳ, ಮುಳ್ಳೇರಿಯ, ಜಾಲ್ಸೂರು, ಸುಳ್ಯ, ಸಂಪಾಜೆ ಘಾಟಿಯ ಮೂಲಕ ಮಡಿಕೇರಿ. ಅಲ್ಲಿಂದ ಕುಶಾಲನಗರದ ದಾರಿ. ನಮ್ಮ ಹಿರಿಯರು ದೂರಪ್ರಯಾಣಕ್ಕೆ ಬುತ್ತಿ ಕಟ್ಟುತ್ತಿದ್ದಂತೆ, ಅವನು ಹಿಂದಿನ ರಾತ್ರಿಯೇ ಕುಳಿತು ವಿದ್ಯುತ್ತಿನ ಲೆಕ್ಕ ಬರೆದಿದ್ದನು.

ಬ್ಯಾಟರಿಯ ಸಾಮರ್ಥ್ಯ 30 ಯೂನಿಟ್. ಯೂನಿಟ್ಟಿಗೆ ಸುಮಾರು 7 ಕಿಲೋಮೀಟರ್ ಓಟ. ಮಡಿಕೇರಿಯ ನೂರು ಚಿಲ್ಲರೆ ಕಿಲೋಮೀಟರಿಗೆ 15 ಯೂನಿಟ್. ಆದರೆ ಮಡಿಕೇರಿ ಸಮುದ್ರಮಟ್ಟದಿಂದ 1,100 ಮೀಟರಿಗೂ ಎತ್ತರದಲ್ಲಿದೆ. ಜನರೂ ಸೇರಿ 1,600 ಕಿಲೋ ತೂಗುವ ವಾಹನವನ್ನು ಅಷ್ಟೆತ್ತರಕ್ಕೇರಿಸಲು ಮತ್ತೆ ಸುಮಾರು 5 ಯೂನಿಟ್ ಬೇಕು. ಇಳಿಜಾರಿನಲ್ಲಿ ಮೋಟಾರೇ ವಿದ್ಯುತ್ತನ್ನು ಉತ್ಪಾದಿಸಿ ಒಂದು ಪಾಲನ್ನು ಹಿಂದಿರುಗಿಸುತ್ತದೆ, ಪೂರ್ತಿಯಲ್ಲ.

ಲೆಕ್ಕ ತಪ್ಪಲಿಲ್ಲ. ಮಡಿಕೇರಿ ತಲುಪಿದಾಗ ಮೂರನೆಯ ಒಂದು ಪಾಲು ಉಳಿದಿತ್ತು. ಒಂದೇ ಚಾರ್ಜಿಂಗ್ ಯಂತ್ರ. ನಾವು ಕಾಫಿ ಮುಗಿಸುವಷ್ಟರಲ್ಲಿ ಕಣ್ಣೂರಿನ ಕುಟುಂಬವೊಂದರ ಕಾರು ಬಂದು ಹಿಂದೆ ನಿಂತಿತು. ಹಿಂದಿನ ಆಸನದಲ್ಲಿ ನನ್ನದೇ ವಯಸ್ಸಿನ ಹಿರಿಯರೊಬ್ಬರು ದಣಿದು ಒರಗಿದ್ದರು.

ಸೇಕಡಾ 80 ತುಂಬಿದೊಡನೆ ಮೊಮ್ಮಗ ಎದ್ದನು. ನಾನು ತಡೆದೆ: "ಪೂರ್ತಿ ತುಂಬಲಿ ಮಗಾ, ದಾರಿಯಲ್ಲಿ ಏನಾಗುವುದೋ ಯಾರು ಬಲ್ಲರು?"

"ಅಜ್ಜಾ, 24 ಯೂನಿಟ್ ಇದೆ. ಮೈಸೂರಿಗೆ 17 ಸಾಕು. ಕೊನೆಯ ಪಾಲು ಬಹಳ ನಿಧಾನ. ಬ್ಯಾಟರಿ ಕೆಡದಿರಲೆಂದು ವಿದ್ಯುತ್ತಿನ ಹರಿವನ್ನು ತಗ್ಗಿಸುತ್ತಾರೆ. ಅವರು ಸುಮ್ಮನೆ ಕಾಯಬೇಕಾಗುತ್ತದೆ" ಎಂದನು.

ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ತರಗತಿಯಲ್ಲಿ ನೀತಿ ಹೇಳಿದ ನನಗೆ ಉತ್ತರ ತೋಚಲಿಲ್ಲ. ನಾನು ಕೇಳಿದ್ದು ನನ್ನ ಅಗತ್ಯವನ್ನಲ್ಲ. ನನ್ನ ಭಯಕ್ಕೆ ತಗಲುವ ವೆಚ್ಚವನ್ನು ಅಪರಿಚಿತರೊಬ್ಬರು ತಮ್ಮ ಸಮಯದಿಂದ ತೆರಲಿ ಎಂದು.

ಮುನ್ನೆಚ್ಚರಿಕೆ ತಪ್ಪೇ? ಖಂಡಿತ ಅಲ್ಲ. ಮಳೆ, ದಾರಿ ಬದಲಾವಣೆ, ಮುಂದಿನ ಯಂತ್ರ ಕೆಟ್ಟಿರುವ ಸಂಭವ, ಇವೆಲ್ಲಕ್ಕೂ ಮೀಸಲು ಬೇಕು. ಆ 7 ಯೂನಿಟ್ ಇದ್ದದ್ದು ಅದಕ್ಕಾಗಿಯೇ. ಎಚ್ಚರಕ್ಕೆ ಒಂದು ಸಂಖ್ಯೆಯಿರುತ್ತದೆ, ಭಯಕ್ಕೆ ಇರುವುದಿಲ್ಲ. ಎಷ್ಟು ಕೊಟ್ಟರೂ ಅದು ಇನ್ನಷ್ಟು ಕೇಳುತ್ತದೆ. ಪತಂಜಲಿಯು ಯಮಗಳಲ್ಲಿ ಅಸ್ತೇಯ, ಅಪರಿಗ್ರಹಗಳನ್ನು ಬೇರೆಬೇರೆಯಾಗಿ ಎಣಿಸಿದ್ದಾನೆ. ಕದಿಯದಿದ್ದರೆ ಸಾಲದು, ಬೇಡದ್ದನ್ನು ಕೂಡಿಡಲೂಬಾರದು. ನಾನು ಹಣ ಕೊಟ್ಟೇ ವಿದ್ಯುತ್ ಪಡೆಯುತ್ತಿದ್ದೆ. ಆದರೆ ಹಿಂದಿನವರ ಅರ್ಧ ಗಂಟೆಗೆ ಯಾವ ರಶೀದಿಯೂ ಇರಲಿಲ್ಲ.

ಹಿಂದೆ ಯಾರೂ ಇಲ್ಲದಿದ್ದರೆ ಪೂರ್ತಿ ತುಂಬಿಕೊಳ್ಳುವುದರಲ್ಲಿ ದೋಷವಿಲ್ಲ. ಯಂತ್ರವೇ ಇಲ್ಲದ ಊರಿಗೆ ಹೋಗುವವನು ಕಾಯುವವರಿಗೆ ಕಾರಣ ಹೇಳಿ ತುಂಬಿಸಿಕೊಳ್ಳಲಿ. ಹಾಗಾದರೆ ಧರ್ಮವಿರುವುದು ಅಂಕಿಯಲ್ಲಲ್ಲ; ತಿರುಗಿ ನೋಡುವುದರಲ್ಲಿ.

ನಾವು ತಂತಿ ಕಳಚಿದೆವು. ಆ ಹಿರಿಯರು ಮಲಯಾಳದಲ್ಲಿ ಏನೋ ಅಂದು ಕೈಯೆತ್ತಿದರು, ನಾನೂ ಕೈಮುಗಿದೆ. ಮೈಸೂರಿನ ಮಗಳ ಮನೆ ಸೇರಿದಾಗ 6 ಯೂನಿಟ್ ಉಳಿದಿತ್ತು. ದಾರಿಯುದ್ದಕ್ಕೂ ನಾನು ಆ ಅಂಕಿಯನ್ನೇ ನೋಡುತ್ತಿದ್ದೆನೆಂಬುದನ್ನು ಮುಚ್ಚಿಡಲಾರೆ. ಭಯ ಅಷ್ಟು ಸುಲಭವಾಗಿ ಬಿಡುವುದಿಲ್ಲ.

ಎಪ್ಪತ್ತು ದಾಟಿದ ನಮ್ಮಂಥವರು ಕಾರಿನಾಚೆಗೂ ಈ ಪ್ರಶ್ನೆ ಕೇಳಿಕೊಳ್ಳಬೇಕು. ಮನೆಯ ಯಜಮಾನಿಕೆ, ಸಂಘದ ಹುದ್ದೆ, ವೇದಿಕೆಯ ಧ್ವನಿವರ್ಧಕ, ಇವುಗಳ ಮುಂದೆಯೂ ನಾವು ಎಷ್ಟು ಹೊತ್ತು ನಿಂತಿದ್ದೇವೆ? ಹಿಂದೆ ಯಾರು ಕಾಯುತ್ತಿದ್ದಾರೆ?