ಮರಳಿ ಬರುವ ಸಂಕಲ್ಪ

ಸಂಕಲ್ಪಿಸಿದ ಕಾರ್ಯವನ್ನು ಅರ್ಧಕ್ಕೆ ಬಿಡಬಾರದೆಂಬುದು ನಾವೆಲ್ಲರೂ ಬಾಲ್ಯದಿಂದ ಕೇಳಿಕೊಂಡು ಬಂದ ಮಾತು. ಹಿಡಿದ ಛಲವನ್ನು ಬಿಡದವನು ಧೀರನೆನಿಸುತ್ತಾನೆ. ನಡುದಾರಿಯಲ್ಲಿ ಹಿಂದಿರುಗಿದವನನ್ನು ಲೋಕವು ಹೇಡಿಯೆನ್ನುತ್ತದೆ. ಆದರೆ ಹಿಂದಿರುಗುವುದೇ ಕರ್ತವ್ಯವಾಗುವ ಸಂದರ್ಭಗಳಿಲ್ಲವೆ? ಇದ್ದರೆ, ಅದನ್ನು ನಿರ್ಣಯಿಸತಕ್ಕವರು ಯಾರು, ನಿರ್ಣಯಿಸತಕ್ಕ ಕಾಲ ಯಾವುದು? ಈ ಪ್ರಶ್ನೆಯನ್ನು ಗ್ರಂಥಗಳ ನಡುವೆ ಕುಳಿತು ವಿಚಾರಿಸುವುದಕ್ಕಿಂತ ಹಿಮಾಲಯದ ಒಂದು ಘಟ್ಟದ ದಾರಿಯಲ್ಲಿಟ್ಟು ನೋಡುವುದು ಮೇಲೆಂದು ನನಗೆ ತೋರುತ್ತದೆ.

ನೇಪಾಳದಲ್ಲಿ ಅನ್ನಪೂರ್ಣಾ ಪರ್ವತಸಮೂಹವನ್ನು ಬಳಸಿ ಸಾಗುವ ಒಂದು ಪ್ರಸಿದ್ಧ ಕಾಲುದಾರಿಯುಂಟು. ಅದರ ಅತ್ಯುನ್ನತ ಸ್ಥಾನವೇ ಥೊರಾಂಗ್ ಲಾ. ‘ಲಾ’ ಎಂದರೆ ಟಿಬೆಟನ್ ಭಾಷೆಯಲ್ಲಿ ಪರ್ವತಗಳ ನಡುವಣ ಕಣಿವೆಮಾರ್ಗ. ಸಮುದ್ರಮಟ್ಟದಿಂದ ಅದರ ಎತ್ತರ 5,416 ಮೀಟರು. ಈಚೆಗೆ ಸುಮಾರು 3,500 ಮೀಟರಿನಲ್ಲಿ ಮನಾಂಗ್ ಎಂಬ ಊರು. ಆಚೆಗೆ ಇಳಿದರೆ ಹಿಂದೂಗಳಿಗೂ ಬೌದ್ಧರಿಗೂ ಪವಿತ್ರವಾದ ಮುಕ್ತಿನಾಥ ಕ್ಷೇತ್ರ. ಘಟ್ಟದ ನೆತ್ತಿಯ ಮೇಲೆ ಒಂದೊಂದು ಉಸಿರಿಗೂ ದೊರೆಯುವ ಆಮ್ಲಜನಕವು ಕಡಲತೀರದಲ್ಲಿ ದೊರೆಯುವುದರ ಅರ್ಧದಷ್ಟು ಮಾತ್ರ. ಶರೀರವು ಈ ಅಭಾವಕ್ಕೆ ಒಗ್ಗಿಕೊಳ್ಳಬಲ್ಲದು, ಆದರೆ ತನ್ನದೇ ಆದ ಗತಿಯಲ್ಲಿ. ಆದುದರಿಂದಲೇ 3,000 ಮೀಟರು ದಾಟಿದ ಮೇಲೆ ರಾತ್ರಿ ಮಲಗುವ ನೆಲೆಯನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು, ಮೂರು ನಾಲ್ಕು ದಿನಗಳಿಗೊಮ್ಮೆ ಒಂದು ದಿನ ಅದೇ ನೆಲೆಯಲ್ಲಿ ತಂಗಬೇಕು ಎಂದು ವೈದ್ಯರು ಹೇಳುತ್ತಾರೆ. ವಯಸ್ಸಾಗಲಿ, ದೇಹದಾರ್ಢ್ಯವಾಗಲಿ, ಭಕ್ತಿಯಾಗಲಿ ಇಲ್ಲಿ ವಿನಾಯಿತಿ ತರುವುದಿಲ್ಲ. ಬಲಿಷ್ಠನಾದ ತರುಣನು ಬೇಗ ಏರಬಲ್ಲನಾದ್ದರಿಂದ ಬೇಗ ಅಪಾಯಕ್ಕೆ ಸಿಲುಕುವುದೂ ಉಂಟು.

ಈ ವ್ಯಾಧಿಯು ತಲೆನೋವು, ವಾಕರಿಕೆ, ನಿದ್ರಾಹೀನತೆಗಳಿಂದ ಮೊದಲಾಗುತ್ತದೆ. ಅಲಕ್ಷಿಸಿ ಮೇಲಕ್ಕೆ ನಡೆದರೆ ಶ್ವಾಸಕೋಶದಲ್ಲಿ ನೀರು ತುಂಬಬಹುದು, ಮಿದುಳು ಬಾತುಕೊಳ್ಳಬಹುದು. ವಿಚಾರಾರ್ಹವಾದ ಸಂಗತಿಯಿರುವುದು ಇಲ್ಲಿಯೇ. ಮಿದುಳಿಗೆ ವ್ಯಾಧಿ ತಗಲಿದಾಗ ಕೆಡುವುದು ಕಾಲಿನ ಹಿಡಿತವೊಂದೇ ಅಲ್ಲ, ವಿವೇಕವೂ ಕೆಡುತ್ತದೆ. ತೂರಾಡುತ್ತಿರುವವನೇ “ನನಗೇನೂ ಆಗಿಲ್ಲ, ನಡೆಯಿರಿ” ಎನ್ನುತ್ತಾನೆ. ಅವನು ಸುಳ್ಳಾಡುತ್ತಿಲ್ಲ, ಅಳೆಯಬೇಕಾದ ಅಳತೆಗೋಲೇ ಬಾಗಿಹೋಗಿದೆ. ಹಾಗಾದರೆ ಮರಳುವ ನಿರ್ಣಯವನ್ನು ಘಟ್ಟದ ಮೇಲಿನ ಮನಸ್ಸಿಗೆ ಒಪ್ಪಿಸಲಾಗದು. ಅದನ್ನು ಕೆಳಗೆ, ಉಸಿರು ಸರಾಗವಾಗಿರುವಾಗಲೇ ಮಾಡಿ, ಸಂಗಡಿಗರ ಕೈಯಲ್ಲಿ ಒತ್ತೆಯಿಡಬೇಕು. ಇಷ್ಟು ಹೊತ್ತಿನೊಳಗೆ ನೆತ್ತಿ ಮುಟ್ಟದಿದ್ದರೆ ಮರಳುವುದು, ಇಂಥ ಲಕ್ಷಣ ಕಂಡರೆ ಇಳಿಯುವುದು, ಆಗ ನಾನು ಬೇಡವೆಂದರೂ ನನ್ನ ಮಾತನ್ನು ಕೇಳದಿರುವುದು. ಇದು ಸ್ವಾತಂತ್ರ್ಯವನ್ನು ಕಳೆದುಕೊಂಡಂತಾಗಲಿಲ್ಲವೆ ಎಂದು ಕೆಲವರು ಕೇಳಬಹುದು. ನನಗೆ ಹಾಗೆ ತೋರುವುದಿಲ್ಲ. ಸ್ವಸ್ಥನಾದ ನಾನು ಅಸ್ವಸ್ಥನಾದ ನನ್ನನ್ನು ಕಾಯಲು ಮಾಡಿದ ಏರ್ಪಾಡು ಅದು.

ಯೋಜನೆಯೆಂದರೆ ಸಾಮಾನು ಸರಂಜಾಮುಗಳ ಪಟ್ಟಿಯೆಂದೇ ಬಹುಮಂದಿ ತಿಳಿದಿದ್ದಾರೆ. ಪಾದರಕ್ಷೆ, ಕಂಬಳಿ, ಔಷಧಿಗಳು ಬೇಕು, ನಿಜ. ಆದರೆ ಯೋಜನೆಯಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳದ್ದು ಏನನ್ನೂ ಬರೆಯದೆ ಬಿಟ್ಟ ಎರಡು ಮೂರು ದಿನಗಳು. ರಜೆ ಮುಗಿಯುವ ದಿನವೂ ಹಿಂದಿರುಗುವ ವಿಮಾನದ ದಿನವೂ ಮೊದಲೇ ಗೊತ್ತಾಗಿ ನಡುವೆ ಒಂದು ದಿನದ ಬಿಡುವೂ ಇಲ್ಲದವನು, ಘಟ್ಟ ಹತ್ತುವ ಮುಂಜಾನೆ ಕವಿದ ಮೋಡವನ್ನು ನೋಡಿ “ಇದು ಹಗುರವಾದದ್ದು, ಚದುರಿಹೋಗುತ್ತದೆ” ಎಂದು ನಂಬತೊಡಗುತ್ತಾನೆ. ಅವನಿಗೆ ಹಾಗೆ ನಂಬುವ ಅಗತ್ಯವಿದೆ. ಬಿಡುವುಳ್ಳವನಿಗೆ ಮಾತ್ರ ಮೋಡವನ್ನು ಮೋಡವೆಂದು ಕಾಣುವ ಅನುಕೂಲವುಂಟು. (ಮುಹೂರ್ತ ಮೀರುತ್ತಿರುವ ಮದುವೆಮನೆಗಳಲ್ಲಿಯೂ ನಾವು ಇದನ್ನೇ ಕಾಣುತ್ತೇವೆ, ಅದಿರಲಿ.)

2014ರ ಅಕ್ಟೋಬರ್ 12ರಂದು ‘ಹುದ್‌ಹುದ್’ ಚಂಡಮಾರುತವು ವಿಶಾಖಪಟ್ಟಣದ ಬಳಿ ದಡ ಮುಟ್ಟಿತು. ಅದರ ಶೇಷವು ಎರಡು ದಿನಗಳಲ್ಲಿ ಹಿಮಾಲಯವನ್ನು ತಲುಪಿ ಥೊರಾಂಗ್ ಲಾ ಪ್ರದೇಶದ ಮೇಲೆ ಭಾರೀ ಹಿಮವನ್ನು ಸುರಿಸಿತು. ಅಕ್ಟೋಬರ್ ಚಾರಣಕ್ಕೆ ಪ್ರಶಸ್ತವಾದ ಮಾಸವೆನಿಸಿದ್ದರಿಂದ ದಾರಿಯಲ್ಲಿ ಜನ ತುಂಬಿದ್ದರು. ಆ ಬಿರುಗಾಳಿಯಲ್ಲಿಯೂ ಹಿಮಪಾತಗಳಲ್ಲಿಯೂ ಆ ಸೀಮೆಯಲ್ಲಿ ಕನಿಷ್ಠ 43 ಮಂದಿ ಮಡಿದರು. ವಿದೇಶೀ ಚಾರಣಿಗರಷ್ಟೇ ಅಲ್ಲ, ಅವರೊಡನೆ ನಡೆದ ನೇಪಾಳೀ ಮಾರ್ಗದರ್ಶಿಗಳೂ ಹೊರೆಯಾಳುಗಳೂ ಅವರಲ್ಲಿದ್ದರು. ಇಂಥ ದುಃಖ ನಮ್ಮ ನಾಡಿಗೂ ಹೊಸದಲ್ಲ. 2024ರ ಜೂನ್ ತಿಂಗಳಿನಲ್ಲಿ ಉತ್ತರಾಖಂಡದ ಸಹಸ್ರತಾಲ್‌ಗೆ ಕರ್ನಾಟಕದಿಂದ ಹೋಗಿದ್ದ ತಂಡದ ಒಂಬತ್ತು ಮಂದಿ ಹಿಮಗಾಳಿಗೆ ಸಿಕ್ಕಿ ಅಸುನೀಗಿದರು. ಮಡಿದವರನ್ನು ದೂಷಿಸುವುದು ನನ್ನ ಉದ್ದೇಶವಲ್ಲ. ಬೆಚ್ಚನೆಯ ಮನೆಯಲ್ಲಿ ಕುಳಿತು ಹಾಗೆ ಮಾಡುವುದು ಸುಲಭ, ಸಭ್ಯವಲ್ಲ. ಎಷ್ಟು ಎಚ್ಚರದಿಂದ ಯೋಜಿಸಿದರೂ ಪ್ರಕೃತಿಯ ಎದುರು ಮನುಷ್ಯನ ಲೆಕ್ಕ ತಪ್ಪುವ ಗಳಿಗೆಯೂ ಇರುತ್ತದೆ.

“ನನ್ನ ಪ್ರಾಣ ನನ್ನದು, ಅಪಾಯಕ್ಕೊಡ್ಡಿದರೆ ಯಾರಿಗೇನು?” ಎಂಬ ವಾದವನ್ನು ಇಷ್ಟೆಲ್ಲ ತಿಳಿದವರೂ ಮುಂದಿಡುತ್ತಾರೆ. ತನ್ನ ಹೊರೆಯನ್ನು ತಾನೇ ಹೊತ್ತು, ತನ್ನನ್ನು ಹುಡುಕಲು ಯಾರೂ ಬರಬೇಕಾಗಿಲ್ಲವೆಂದು ಹೇಳಬಲ್ಲವನಿಗೆ ಈ ವಾದ ಸಲ್ಲಬಹುದೇನೋ. ಮನೆಯವರ ಮಾತು ಹಾಗಿರಲಿ, ಘಟ್ಟದ ದಾರಿಯಲ್ಲಿ ನಮ್ಮ ಮೂಟೆಯನ್ನು ಹೊತ್ತು ನಡೆಯುವವನು ಇನ್ನೊಬ್ಬನಿದ್ದಾನೆ. ನಮಗೆ ಏರುವುದು ಹಂಬಲ, ಅವನಿಗೆ ಕೂಲಿ. ತಲೆನೋವೆಂದು ಹೇಳಿದರೆ ಆ ದಿನದ ಕೂಲಿ ತಪ್ಪೀತೆಂಬ ಭಯದಿಂದ ಅವನು ಬಾಯಿ ಮುಚ್ಚಿಕೊಂಡು ನಡೆಯಬಹುದು. ಬೆಟ್ಟದ ಮಗನಿಗೆ ಎತ್ತರ ಬಾಧಿಸದೆಂಬುದು ನಮ್ಮ ಅನುಕೂಲಕ್ಕೆ ಹುಟ್ಟಿದ ನಂಬಿಕೆ. ತಗ್ಗಿನ ಕಣಿವೆಗಳ ರೈತಮಕ್ಕಳೂ ಈ ಕೆಲಸಕ್ಕೆ ಬರುತ್ತಾರೆ.

ಎತ್ತರದ ವ್ಯಾಧಿಯಿಂದ ತೀವ್ರವಾಗಿ ನರಳುತ್ತಿದ್ದ ಒಬ್ಬ ನೇಪಾಳೀ ತರುಣ ಹೊರೆಯಾಳಿಗೆ ಅವನ ಲೆಕ್ಕವನ್ನು ಚುಕ್ತಾ ಮಾಡಿ ಒಬ್ಬನನ್ನೇ ಕೆಳಗೆ ಕಳುಹಿಸಿದರು. ಸುಮಾರು ಮೂವತ್ತು ಗಂಟೆಗಳಲ್ಲಿ ಅವನು ತೀರಿಕೊಂಡ. ಹೆಂಡತಿ ಮಕ್ಕಳಿದ್ದರು. ಅವನ ಸಾವಿನಿಂದ ಮನಕಲಕಿದವರು 1997ರಲ್ಲಿ ಹೊರೆಯಾಳುಗಳ ರಕ್ಷಣೆಗೆಂದೇ ಅಂತರರಾಷ್ಟ್ರೀಯ ಸಂಘವೊಂದನ್ನು ಕಟ್ಟಿದರು. ಕೂಲಿಯನ್ನು ಕೊಟ್ಟದ್ದರಿಂದ ಲೆಕ್ಕ ತೀರಿತೆ? ಕಳುಹಿಸಿದವರು ಕ್ರೂರಿಗಳಾಗಿದ್ದರೆಂದು ನಾನು ಭಾವಿಸುವುದಿಲ್ಲ. ಅವರ ಯೋಜನೆಯಲ್ಲಿ ಅವನಿಗಾಗಿ ಒಂದು ದಿನವೂ ಒಬ್ಬ ಜೊತೆಗಾರನೂ ಇರಲಿಲ್ಲ, ಅಷ್ಟೆ. ಆದರೆ ಆ ಅಷ್ಟರಲ್ಲಿಯೇ ಅವನ ಪ್ರಾಣವಿತ್ತು.

ಆ ಸಂಘದವರು ಹಾಕಿಕೊಟ್ಟ ನಿಯಮಗಳು ಸರಳವಾಗಿವೆ. ಹೊರೆಯಾಳಿಗೂ ಚಳಿಗೆ ತಕ್ಕ ಉಡುಪು, ತಂಗಲು ನೆಲೆ, ಆಹಾರ ಇರಬೇಕು. ಅವನು ಕಾಯಿಲೆ ಬಿದ್ದರೆ ಒಬ್ಬನನ್ನೇ ಕಳುಹಿಸಕೂಡದು. ಅವನ ಭಾಷೆಯನ್ನೂ ಅವನ ವ್ಯಾಧಿಯನ್ನೂ ಬಲ್ಲವನೊಬ್ಬನು ಜೊತೆಯಲ್ಲಿ ಇಳಿಯಬೇಕು. ಇಳಿಯುವವನು ಯಾರೆಂಬುದನ್ನು ಹೊರಡುವ ಮುನ್ನವೇ, ಊರಿನಲ್ಲಿ ಕುಳಿತು, ಕಾಗದದ ಮೇಲೆ ಬರೆದಿಡಬೇಕಾಗುತ್ತದೆ. ಭಾಷೆ ಬಲ್ಲ ಮಾರ್ಗದರ್ಶಿ ಒಬ್ಬನೇ ಇದ್ದು ಅವನೇ ಇಳಿಯಬೇಕಾಗಿ ಬಂದರೆ, ಉಳಿದವರೆಲ್ಲರ ಹೆಸರುಗಳನ್ನೂ ಅವನ ಹೆಸರಿನ ಕೆಳಗೆ ಬರೆಯಬೇಕಾದೀತು.