ಜಾಗ ಬರೆಯದ ಚೀಟಿ

ಹರ್ಬೇರಿಯಂ ಅಂದರೇನು ಎಂದು ಊರಲ್ಲಿ ಯಾರಾದರೂ ಕೇಳಿದರೆ ‘ಒಣಗಿದ ಗಿಡಗಳ ಗ್ರಂಥಾಲಯ’ ಎನ್ನುತ್ತೇನೆ. ಗಿಡದ ಒಂದು ಟೊಂಗೆಯನ್ನು ಹೂವು, ಎಲೆ, ಸಿಕ್ಕರೆ ಕಾಯಿಯ ಸಮೇತ ತಂದು, ಹಳೆಯ ಪತ್ರಿಕೆಗಳ ನಡುವೆ ಒತ್ತಿ ಒಣಗಿಸಿ, ದಪ್ಪ ಬಿಳಿ ಹಾಳೆಗೆ ಅಂಟಿಸುತ್ತೇವೆ. ಹಾಳೆಯ ಕೆಳಮೂಲೆಯಲ್ಲಿ ಒಂದು ಚೀಟಿ: ಗಿಡದ ಹೆಸರು, ಸಿಕ್ಕ ಜಾಗ, ದಿನಾಂಕ, ತಂದವರ ಹೆಸರು, ಸಂಗ್ರಹದ ಸಂಖ್ಯೆ. ಒಣಗಿದ ಮೇಲೆ ಹೂವಿನ ಬಣ್ಣ ಉಳಿಯುವುದಿಲ್ಲ, ಅದನ್ನೂ ಬರೆದಿಡಬೇಕು. ಹುಳು, ತೇವ ತಾಗದಂತೆ ನೋಡಿಕೊಂಡರೆ ಆ ಹಾಳೆ ಶತಮಾನಗಳ ಕಾಲ ಬಾಳುತ್ತದೆ.

ಪಿಎಚ್‌ಡಿಯ ಮೂರನೆಯ ವರ್ಷದಲ್ಲಿ ಅಂಥದೊಂದು ಚೀಟಿಯನ್ನು ಮುಂದಿಟ್ಟುಕೊಂಡು ಎರಡು ವಾರ ಏನೂ ಬರೆಯದೆ ಕೂತಿದ್ದೆ.

ಆ ಗಿಡ ಮಲೆನಾಡಿನ ಒಂದು ಊರಿನಲ್ಲಿ ಸಿಕ್ಕ ಸೀತಾಳೆ. ಯಾವ ಜಾತಿ, ಯಾವ ಊರು ಎಂದು ಇಲ್ಲಿ ಹೇಳುವುದಿಲ್ಲ. ಅಡಿಕೆ ತೋಟದ ಅಜ್ಜ ಒಬ್ಬರು ಬೆಟ್ಟ ಹತ್ತಿಸಿ ತೋರಿಸಿದರು. ಮೂರು ಮರಗಳ ಮೇಲೆ ಎಣಿಸಿದರೆ ಹನ್ನೊಂದು ಬುಡ. ಕೆಲವು ವರ್ಷಗಳ ಹಿಂದೆ ಯಾರೋ ಬಂದು ಹಳ್ಳದಾಚೆಯ ಮರಗಳಿಂದ ಗೋಣಿಚೀಲ ತುಂಬ ಕಿತ್ತುಕೊಂಡು ಹೋಗಿದ್ದರಂತೆ. ಅರಣ್ಯ ಇಲಾಖೆಯ ಅನುಮತಿ ಪತ್ರ ನನ್ನಲ್ಲಿತ್ತು. ಆದರೂ ಬುಡ ಕೀಳದೆ ಒಂದು ಹೂಗೊಂಚಲು, ಒಂದು ಎಲೆ ಮಾತ್ರ ತೆಗೆದುಕೊಂಡೆ. ಇಳಿಯುವಾಗ ಅಜ್ಜ ಹೇಳಿದರು: “ತಂಗೀ, ಹೂ ಬರ್ಕೊ, ಎಲೆ ಬರ್ಕೊ. ಜಾಗ ಮಾತ್ರ ಬರೀಬೇಡ.”

“ಆಯ್ತು ಅಜ್ಜ” ಅಂದೆ. ಎಷ್ಟು ಸುಲಭವಾಗಿ ಅಂದುಬಿಟ್ಟೆ ಎಂದು ಗೊತ್ತಾದದ್ದು ಊರಿಗೆ ಮರಳಿದ ಮೇಲೆ. ನನ್ನ ಮಾರ್ಗದರ್ಶಕರು ಹಾಳೆ ನೋಡಿ, “ಜಾಗ ಇಲ್ಲದಿದ್ದರೆ ಇದು ಒಣಹುಲ್ಲು” ಎಂದರು.

ಅವರ ಮಾತು ಸುಳ್ಳಲ್ಲ. ಮದ್ರಾಸ್ ಪ್ರಾಂತದಲ್ಲಿ ಕೆಲಸ ಮಾಡಿದ ಸ್ಕಾಟ್ಲೆಂಡಿನ ವೈದ್ಯ ರಾಬರ್ಟ್ ವೈಟ್ ದಕ್ಷಿಣ ಭಾರತದ ಸಾವಿರಾರು ಗಿಡಗಳನ್ನು ಸಂಗ್ರಹಿಸಿದ. 1866–67ರಲ್ಲಿ ಲಂಡನ್ನಿನ ಕ್ಯೂ ಉದ್ಯಾನ ಅವನ ಸಂಗ್ರಹದ ಹಾಳೆಗಳನ್ನು ಬೇರೆ ಬೇರೆ ಸಂಸ್ಥೆಗಳಿಗೆ ಹಂಚಿತು. ಅಂಥ ಅನೇಕ ಹಾಳೆಗಳ ಮೇಲೆ ಜಾಗ ಎಂದು ಅಚ್ಚಾಗಿರುವುದು ‘ಪೆನಿನ್ಸುಲಾ ಇಂಡಿಯೆ ಓರಿಯಂಟಾಲಿಸ್’ ಎಂಬ ಲ್ಯಾಟಿನ್ ಪದಗಳು. ಅಂದರೆ ಭಾರತದ ಪರ್ಯಾಯದ್ವೀಪ. ಕೊಡಗೋ, ನೀಲಗಿರಿಯೋ, ಕಾವೇರಿಯ ಮುಖಜಭೂಮಿಯೋ? ಆ ಗಿಡ ಅಲ್ಲಿ ಇನ್ನೂ ಇದೆಯೇ ಎಂದು ನೋಡಿಬರಲು ‘ಅಲ್ಲಿ’ ಎಂಬುದೇ ಇಲ್ಲ. ಇದಕ್ಕಾಗಿ ಎಷ್ಟೋ ಸಲ ಗೊಣಗಿದ್ದೇನೆ. ಅದೇ ಸೆಸಿಲ್ ಸಲ್ಡಾನಾ ಮತ್ತು ಸಂಗಡಿಗರ ಹಾಸನ ಜಿಲ್ಲೆಯ ಸಸ್ಯಗಳ ಗ್ರಂಥ 1976ರಲ್ಲಿ ಬಂತಲ್ಲ, ಅಂಥ ಕೆಲಸದ ಹಿಂದೆ ಊರು, ದಿನಾಂಕ ಬರೆದ ಹಾಳೆಗಳಿರುತ್ತವೆ. ಚೀಟಿ ಹಿಡಿದು ಅದೇ ಕಾಡಿಗೆ ಹೋಗಿ, ಏನು ಉಳಿದಿದೆ, ಏನು ಹೋಗಿದೆ ಎಂದು ಲೆಕ್ಕ ಹಾಕಬಹುದು.

ಆದರೆ ಚೀಟಿ ಹಿಡಿದು ಹೋಗುವವರು ನಾವು ಮಾತ್ರವೇ? ಅಗಸ್ತ್ಯಮಲೆಯಲ್ಲಿ ಮಾತ್ರ ಬೆಳೆಯುವ ಹಳದಿ ಹೂವಿನ ಆರ್ಕಿಡ್ ಒಂದಿದೆ, ಪಾಫಿಯೋಪೆಡಿಲಂ ಡ್ರೂರಿ. ಹತ್ತೊಂಬತ್ತನೆಯ ಶತಮಾನದಲ್ಲಿ ಕಂಡಿದ್ದ ಅದು ಬಹುಕಾಲ ಕಾಣೆಯಾಗಿ 1972ರಲ್ಲಿ ಮತ್ತೆ ಸಿಕ್ಕಿತು. ಸಿಕ್ಕಿದ ಸುದ್ದಿಯ ಹಿಂದೆಯೇ ಮಾರುವವರೂ ಹೋದರು. ಗಿಡ ಅಳಿವಿನ ಅಂಚಿಗೆ ಬಂತು. ಕಾಣೆಯಾಗಿದ್ದಾಗ ಸುರಕ್ಷಿತವಾಗಿದ್ದದ್ದು ಸಿಕ್ಕಿದ ಮೇಲೆ ಅಪಾಯಕ್ಕೆ ಬಿತ್ತು.

‘ಜ್ಞಾನ ಎಲ್ಲರದು’ ಎಂಬುದನ್ನು ನಂಬಿಯೇ ನಾನು ಈ ಓದಿಗೆ ಬಂದವಳು. ಕ್ಯೂ ಸಂಗ್ರಹದಲ್ಲಿ ಸುಮಾರು 70 ಲಕ್ಷ ಹಾಳೆಗಳಿವೆ, ಅವುಗಳಲ್ಲಿ ನಮ್ಮ ಘಟ್ಟದವೂ ಇವೆ. ಹಿಂದಿನವರು ಅವನ್ನು ನೋಡಲು ಅಲ್ಲಿಗೇ ಹೋಗಬೇಕಿತ್ತು, ಇಲ್ಲವೇ ಅಂಚೆಯಲ್ಲಿ ಎರವಲು ತರಿಸಬೇಕಿತ್ತು. ನಾನು ಹಾಸ್ಟೆಲ್ ಕೋಣೆಯಲ್ಲಿ ಕೂತು ಅವುಗಳ ಚಿತ್ರವನ್ನು ಹಿಗ್ಗಿಸಿ ಎಲೆಯ ನರಗಳನ್ನು ಎಣಿಸುತ್ತೇನೆ. ಆ ಬಾಗಿಲಿನಿಂದ ಒಳಗೆ ಬಂದವಳು, ನನ್ನ ಸರದಿ ಬಂದಾಗ ಬಾಗಿಲು ಹಾಕುವುದು ಸರಿಯೇ?

ಎರಡು ವಾರ ಯೋಚಿಸಿದ ಮೇಲೆ ನನಗೆ ತೋಚಿದ್ದು ಇಷ್ಟು. ಮುಚ್ಚಿಡುವುದರಲ್ಲೂ ಪ್ರಾಮಾಣಿಕವಾದದ್ದು, ಅಲ್ಲದ್ದು ಎಂದು ಎರಡಿದೆ. ಪಕ್ಕದ ಬೆಟ್ಟದ ಹೆಸರು ಬರೆದರೆ ಗಿಡ ಉಳಿಯಬಹುದು, ಆದರೆ ನೂರು ವರ್ಷದ ನಂತರ ಬರುವವನನ್ನು ತಪ್ಪು ಕಾಡಿನಲ್ಲಿ ಅಲೆಸಿದಂತೆ. ಜಾಗವನ್ನು ಖಾಲಿ ಬಿಟ್ಟರೆ, ನನ್ನ ಖಾಲಿಗೂ ಆ ಹಳೆಯ ಹಾಳೆಗಳ ಖಾಲಿಗೂ ಓದುವವನಿಗೆ ವ್ಯತ್ಯಾಸ ಕಾಣದು. ಬೇಕಂತಲೇ ಹೇಳದೆ ಇದ್ದದ್ದು ಅಜಾಗರೂಕತೆಯಂತೆ ಕಾಣುತ್ತದೆ. ಹಾಗಾಗಿ ಮುಚ್ಚಿಟ್ಟಿದ್ದೇನೆ ಎಂಬುದನ್ನು, ಯಾಕೆ ಎಂಬುದನ್ನು ಮುಚ್ಚಿಡಬಾರದು. ಕಪಾಟಿನೊಳಗಿನ ಹಾಳೆಯಲ್ಲಿ ಪೂರ್ತಿ ಜಾಗ. ಅಂತರ್ಜಾಲಕ್ಕೆ ಹೋಗುವ ದಾಖಲೆಯಲ್ಲಿ ಜಿಲ್ಲೆಯ ಹೆಸರು ಮಾತ್ರ, ಜೊತೆಗೆ ‘ಗಿಡದ ರಕ್ಷಣೆಗಾಗಿ, ತೋರಿಸಿದವರ ಕೋರಿಕೆಯಂತೆ ವಿವರ ತಡೆಹಿಡಿದಿದೆ’ ಎಂಬ ಸಾಲು. ಅಪರೂಪದ ಗಿಡಗಳಿಗೆ ಹೀಗೆ ಮಾಡುವ ರೂಢಿ ಜಗತ್ತಿನ ಹಲವೆಡೆ ಇದ್ದೇ ಇದೆ. ಮಾರ್ಗದರ್ಶಕರು ಒಪ್ಪಿದರು.

ಆದರೆ ನಾನು ಮಾತು ಕೊಟ್ಟದ್ದು ಅವರಿಗಲ್ಲ. ಮತ್ತೆ ಬಸ್ಸು ಹತ್ತಿದೆ. ಅಜ್ಜ ಜಗಲಿಯಲ್ಲಿ ಅಡಿಕೆ ಸುಲಿಯುತ್ತ ಎಲ್ಲ ಕೇಳಿಸಿಕೊಂಡರು. ಆಮೇಲೆ ಕೇಳಿದರು: “ಆ ಕಪಾಟಿನ ಬೀಗ ಯಾರ ಹತ್ರ?”

ಹೆಸರು, ಉದ್ದೇಶ ಬರೆಸಿಕೊಂಡು, ಕಾಗದಪತ್ರ ನೋಡಿ ತೆಗೆಯುತ್ತಾರೆ ಎಂದೆ. “ಚೀಲ ತಂದವರೂ ಹೆಸರು ಹೇಳೇ ಚಾ ಕುಡಿದು ಹೋಗಿದ್ರು” ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಈ ಮರ ಬಿದ್ದು ಹೋದ್ಮೇಲೆ, ಇಲ್ಲೊಂದು ಸೀತಾಳೆ ಇತ್ತು ಅಂತ ಹೇಳೋರು ಬೇಕಲ್ಲ. ಬರಿ” ಎಂದರು. ಅವರು ಒಪ್ಪಿದ್ದು ನನ್ನ ವಾದಕ್ಕಲ್ಲ, ತಮ್ಮದೇ ಕಾರಣಕ್ಕೆ.

ಚೀಟಿ ಬರೆದೆ. ಬೀಗದ ಪ್ರಶ್ನೆ ಹಾಗೇ ಇದೆ. ಈಗ ಯಾರಾದರೂ ಯಾವುದಾದರೂ ಹಾಳೆ ನೋಡಬೇಕೆಂದು ಅರ್ಜಿ ತಂದರೆ, ಅದನ್ನು ಕೊನೆಯ ಸಾಲಿನವರೆಗೂ ಓದುತ್ತೇನೆ.