ಬಿಷಪ್ಪರ ವಿರುದ್ಧ ಅಪೀಲು ಹೋಗಬಹುದೇ?

“ಫಾದರ್ ಮೇಲೆ ಕೇಸು ಹಾಕಿದ್ದೇ ತಪ್ಪು. ಸೋತ ಮೇಲಾದ್ರೂ ಸುಮ್ನಿರಬಾರ್ದಾ?”

ಚರ್ಚಿನ ಜಾಗಕ್ಕೋ ಲೆಕ್ಕಪತ್ರಕ್ಕೋ ಒಬ್ಬ ಕ್ರೈಸ್ತ ತನ್ನ ಗುರುಗಳ ವಿರುದ್ಧವೇ ಸಿವಿಲ್ ದಾವೆ ಹೂಡಿದರೆ ಎದುರಾಗೋ ಮೊದಲ ಮಾತು ಇದು. ಮೂಡಿಗೆರೆ, ಕಳಸದಂಥ ಕಡೆ ಈ ಮಾತಿಗೆ ತೂಕ ಹೆಚ್ಚು. ತೋಟದ ಮನೆಗಳು ದೂರ ದೂರ. ಎಲ್ಲರ ಮುಖ ನೋಡೋದು ಭಾನುವಾರದ ಪೂಜೆಯಲ್ಲೇ. ನಾಳೆ ಮಗಳ ಮದುವೆಗೂ ಅಪ್ಪನ ಮಣ್ಣಿಗೂ ಅದೇ ಫಾದರ್ ಬರಬೇಕು.

ಕಾನೂನು ಸ್ಪಷ್ಟವಾಗಿದೆ. ಆಸ್ತಿ ಅಥವಾ ಹುದ್ದೆಯ ಹಕ್ಕಿನ ವ್ಯಾಜ್ಯ ಪೂರ್ತಿ ಧಾರ್ಮಿಕ ವಿಧಿಗಳ ಮೇಲೆ ನಿಂತಿದ್ದರೂ ಅದು ಸಿವಿಲ್ ವ್ಯಾಜ್ಯವೇ ಅನ್ನುತ್ತೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 9ನೇ ಕಲಂ. ಸೋತವರಿಗೆ 96ನೇ ಕಲಂ ಅಪೀಲಿನ ದಾರಿ ಕೊಡುತ್ತೆ: ಜಿಲ್ಲಾ ನ್ಯಾಯಾಲಯಕ್ಕಾದರೆ 30 ದಿನ, ಹೈಕೋರ್ಟಿಗಾದರೆ 90 ದಿನ. ಚರ್ಚ್ ನ್ಯಾಯಮಂಡಳಿಯ ವಿವಾಹ ರದ್ದತಿಗೆ ಕಾನೂನಿನ ಮಾನ್ಯತೆ ಕೊಡಿ ಎಂದು ಮಂಗಳೂರಿನ ಕ್ಲಾರೆನ್ಸ್ ಪಾಯಸ್ ಕೇಳಿದಾಗ, 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಚರ್ಚಿನ ಕಾನೂನು ದೇಶದ ಕಾನೂನನ್ನು ಮೀರುವಂತಿಲ್ಲ.

ಆದ್ರೆ ಹಕ್ಕಿದೆ ಅಂದಮಾತ್ರಕ್ಕೆ ಅಪೀಲು ಸರಿಯಾಗಿಬಿಡುತ್ತಾ? ಇಲ್ಲಿ ಸಂತ ಪೌಲರ ಹೆಸರು ಬರುತ್ತೆ. ಕೊರಿಂಥದ ವಿಶ್ವಾಸಿಗಳು ತಮ್ಮತಮ್ಮಲ್ಲೇ ಕೋರ್ಟಿಗೆ ಹೋದದ್ದಕ್ಕೆ ಅವರು ಬೈದದ್ದು ನಿಜ. ಆದರೆ ಜಗಳ ತೀರಿಸಬಲ್ಲ ಒಬ್ಬ ವಿವೇಕಿಯೂ ನಿಮ್ಮಲ್ಲಿಲ್ಲವೇ ಅಂತ ಅದೇ ಜಾಗದಲ್ಲಿ ಕೇಳಿದ್ದಾರೆ. ಆ ಬೈಗುಳ ದೂರು ಕೊಟ್ಟವನಿಗಷ್ಟೇ ಅಲ್ಲ, ದೂರು ಕೇಳಿಸಿಕೊಳ್ಳದ ಹಿರಿಯರಿಗೂ ತಗಲುತ್ತೆ. ಮುಂದೆ ತಮ್ಮ ಮೇಲೇ ವಿಚಾರಣೆ ನಡೆದಾಗ ಪೌಲರು ಮೊರೆಹೋದದ್ದು ರೋಮಿನ ಚಕ್ರವರ್ತಿಗೆ!

ಚರ್ಚಿಗೂ ಅಪೀಲು ಹೊಸದಲ್ಲ. 1983ರ ಧರ್ಮಸಭೆಯ ಸಂಹಿತೆಯ ಪ್ರಕಾರ ಯಾವ ವಿಶ್ವಾಸಿಯಾದರೂ ತನ್ನ ವ್ಯಾಜ್ಯವನ್ನು ಪೋಪರವರೆಗೂ ಒಯ್ಯಬಹುದು. ಅಂದಮೇಲೆ ಅಪೀಲು ಹೋಗೋದೇ ಪಾಪ ಅನ್ನೋಕಾಗಲ್ಲ. ಕಳಸದ ಬೆಳೆಗಾರನಿಗೆ ರೋಮ್ ದೂರ, ಅಷ್ಟೆ.

ಹಾಗಂತ ಎಲ್ಲ ಅಪೀಲೂ ನ್ಯಾಯಕ್ಕಾಗಿಯೇ ಅಲ್ಲ. ಕೆಲವು ಬರೀ ಹಠ. ತಿಳಿಯೋದು ಹೇಗೆ? ನಾಳೆ ಬಿಷಪ್ರು ಎದುರು ಕೂತು ಕಾಗದಪತ್ರ ತೋರಿಸಿದರೆ, ತಪ್ಪಿದ್ದನ್ನು ಸರಿಪಡಿಸಿದರೆ, ನಾನು ಕೇಸು ವಾಪಸ್ ತಗೋತೀನಾ? ಹೌದು ಅನ್ನಬಲ್ಲವನು ಧೈರ್ಯವಾಗಿ ಅಪೀಲು ಹೋಗಲಿ, ಭಾನುವಾರ ಪೂಜೆಗೂ ಹೋಗಲಿ.

ಗೆದ್ದ ಗುರುಗಳಿಗೂ ಒಂದು ಪ್ರಶ್ನೆ ಇದೆ. ತೀರ್ಪು ನಿಮ್ಮ ಕಡೆ ಬಂತು, ಸರಿ. ಕೋರ್ಟೂ ಬಿಷಪ್ಪರ ನಿವಾಸವೂ ಚಿಕ್ಕಮಗಳೂರಲ್ಲೇ ಇವೆ. ನಿಮ್ಮದೇ ಮಂದೆಯವನು ನಿಮ್ಮ ಬಾಗಿಲು ಬಿಟ್ಟು ಕೋರ್ಟಿನ ಬಾಗಿಲು ಯಾಕೆ ತಟ್ಟಿದ?